‘ಮನಿ ಮುಟ್ಟೀನಿ’ ಅನ್ನುವ ತನಕ...

ಗಂಗಾವತಿ ನನ್ನ ತವರು, ಯಲಬುರ್ಗಾ ಗಂಡನ ಮನೆ. ಕುಷ್ಟಗಿಯಲ್ಲಿ ಶಾಲೆ ಮಾಸ್ತರಿಕೆ. ಈ ಮೂರೂರಿನ ನಡುವೆ ಎಲ್ಲಿಗೆ ಹೋಗಬೇಕೆಂದರೂ ಒಮ್ಮೊಮ್ಮೆ ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹತ್ತಲೇಬೇಕು. ಹಾಗಾಗಿ ರಸ್ತೆ ನನಗೆ ಹೊಸದಲ್ಲ. ಅಂದು ರಾತ್ರಿ ನಾನು ಮಾಡಿದ ತಪ್ಪಿಗೆ ಬಹುಶಃ ಅದೇ ಕಾರಣ.

ಅವ್ವನಿಗೆ ಹುಷಾರಿಲ್ಲ ಅಂತ ಗಂಗಾವತಿಗೆ ಹೋಗಿದ್ದೆ. ದವಾಖಾನೆ, ಔಷಧ, ಅಣ್ಣನ ಮನೆ ಊಟ ಅನ್ನುವಷ್ಟರಲ್ಲಿ ತಡವಾಯಿತು. ಕೊಪ್ಪಳಕ್ಕೆ ಬಂದಾಗ ರಾತ್ರಿ ಹತ್ತು ಹೊಡೆಯುತ್ತಿತ್ತು. ಯಲಬುರ್ಗಾ ಬಸ್ ಹೋಗಿಯಾಗಿತ್ತು. ಮರುದಿನ ಮಕ್ಕಳಿಗೆ ಪರೀಕ್ಷೆ, ನಾನು ಇರಲೇಬೇಕು. ಸ್ಟ್ಯಾಂಡಿನ ಹೊರಗೆ ಒಬ್ಬ ಹುಡುಗ ‘ಕುಕನೂರ, ಯಲಬುರ್ಗಾ’ ಅಂತ ಕೂಗುತ್ತಿದ್ದ. ಬಿಳಿ ಬೋರ್ಡಿನ ಕಾರು. ಒಳಗೆ ಆಗಲೇ ಇಬ್ಬರು ಹಿರಿಯರು ಕೂತಿದ್ದರು.

“ಬರ್ರಿ ಅಕ್ಕಾರ, ನಮ್ಮ ಊರ ಕಡೀದ ಗಾಡಿ” ಅಂದ. ಹತ್ತಿಬಿಟ್ಟೆ.

ಭಾನಾಪುರ ದಾಟಿ ಕುಕನೂರಿನ ತನಕ ಏನೂ ಅನ್ನಿಸಲಿಲ್ಲ. ಅಲ್ಲಿ ಆ ಇಬ್ಬರೂ ಇಳಿದರು. ಇನ್ನೊಬ್ಬ ಹುಡುಗ ಬಂದು ಮುಂದೆ ಕೂತ. ಊರು ದಾಟುತ್ತಲೇ ಕಾರು ದೊಡ್ಡ ರಸ್ತೆ ಬಿಟ್ಟು ಹೊಲದ ದಾರಿಗೆ ಹೊರಳಿತು.

“ಎಲ್ಲಿಗಿ ಹೊಂಟಿ ತಮ್ಮಾ?”

“ಇವನ್ನ ತ್ವಾಟದ ಮನಿಗಿ ಬಿಟ್ಟು ಹೋಗೂಣ್ರಿ ಅಕ್ಕಾರ. ಹತ್ತು ನಿಮಿಷ ಅಷ್ಟ.”

“ಬ್ಯಾಡ, ನನ್ನ ಇಲ್ಲೇ ಇಳಸು” ಅಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಗಾಡಿ ನಿಲ್ಲಿಸಲಿಲ್ಲ. ಮೆಲ್ಲಗೆ ಬಾಗಿಲ ಹಿಡಿಕೆ ಎಳೆದೆ. ತೆರೆಯಲಿಲ್ಲ. ಮನೆಗೆ ಫೋನ್ ಮಾಡಿದೆ. ನಮ್ಮ ಮನೆಯವರಿಗೆ ಅಂದು ರಾತ್ರಿ ಪಾಳಿ, ಒಳಗೆ ಫೋನ್ ಒಯ್ಯುವಂತಿಲ್ಲ. ಅತ್ತೆ ಮಲಗಿದ್ದರು, ಎತ್ತಲಿಲ್ಲ. ಆದರೂ ಯಾರೋ ಎತ್ತಿದ ಹಾಗೆ ಜೋರಾಗಿ ಮಾತಾಡಿದೆ: “ಹೂಂ ರೀ, ಕುಕನೂರ ದಾಟೀನಿ. ಗಾಡಿ ನಂಬರ...” ಅಲ್ಲಿಗೆ ನಿಂತುಬಿಟ್ಟೆ. ಗಾಡಿ ನಂಬರು ನನಗೆ ಗೊತ್ತೇ ಇರಲಿಲ್ಲ. ಡ್ರೈವರನ ಹೆಸರೂ ಗೊತ್ತಿಲ್ಲ. ನಾನು ಈ ಗಾಡಿಯಲ್ಲಿ ಇದ್ದೇನೆ ಅನ್ನುವುದು ಯಾರಿಗೂ ಗೊತ್ತಿಲ್ಲ.

ಏನೂ ಆಗಲಿಲ್ಲ. ಅವನು ಹೇಳಿದಂತೆಯೇ ಗೆಳೆಯನನ್ನು ತೋಟದಲ್ಲಿ ಬಿಟ್ಟ, ತಿರುಗಿ ರಸ್ತೆಗೆ ಬಂದ, ನನ್ನನ್ನು ಮನೆ ಮುಂದೆ ಇಳಿಸಿದ. “ಅಂಜಿದ್ರೇನ್ರಿ ಅಕ್ಕಾರ?” ಅಂತ ನಕ್ಕ. ಒಳ್ಳೆಯ ಹುಡುಗನೇ ಇರಬೇಕು. ಆದರೆ ಆ ರಾತ್ರಿ ನಾನು ಸುರಕ್ಷಿತವಾಗಿ ಮನೆ ಸೇರಿದ್ದು ಅವನ ಒಳ್ಳೆಯತನದಿಂದ. ನನ್ನ ಎಚ್ಚರದಿಂದ ಅಲ್ಲವೇ ಅಲ್ಲ.

ಯಾರಿಗೂ ಹೇಳಲಿಲ್ಲ

ಈ ಸಂಗತಿಯನ್ನು ಒಂದೂವರೆ ವರ್ಷ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ‘ಇನ್ನ ತವರಿಗೆ ಒಬ್ಬಾಕಿ ಹೋಗಬ್ಯಾಡ’ ಅಂತಾರೆ, ನಾಳೆ ‘ನೌಕರಿ ಯಾಕ ಬೇಕು’ ಅಂತಲೂ ಅಂದಾರು ಅನ್ನುವ ಭಯ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಇಂಥದ್ದನ್ನು ನುಂಗಿಕೊಳ್ಳುವುದು ಇದೇ ಕಾರಣಕ್ಕೆ. ಅಂಜಿಕೆ ಡ್ರೈವರನದ್ದು ಅರ್ಧ, ಮನೆಯವರದ್ದು ಅರ್ಧ.

ಬಾಯಿ ಬಿಡಿಸಿದ್ದು ನನ್ನ ಮಗಳು. ಬೆಂಗಳೂರಿನಲ್ಲಿ ಓದುತ್ತಾಳೆ. ದಸರಾ ರಜೆಗೆ ಸ್ಲೀಪರ್ ಬಸ್ಸಿನಲ್ಲಿ ಬಂದವಳು ಬೆಳಗಿನ ಜಾವ ನಾಲ್ಕಕ್ಕೆ ಕುಷ್ಟಗಿ ಬೈಪಾಸಿನಲ್ಲಿ ಇಳಿದು, ಅಲ್ಲಿಂದ ಒಬ್ಬಳೇ ಬಾಡಿಗೆ ಕಾರು ಮಾಡಿಕೊಂಡು ಯಲಬುರ್ಗಾಕ್ಕೆ ಬಂದಿದ್ದಳು. ಬಾಗಿಲಲ್ಲಿ ಅವಳನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಬಾಯಿಗೆ ಬಂದಂತೆ ಬೈದೆ.

ಅವಳು ಸುಮ್ಮನೆ ಫೋನ್ ತೋರಿಸಿದಳು. ಕಾರಿನ ನಂಬರ್ ಪ್ಲೇಟಿನ ಫೋಟೊ. ಡ್ರೈವರನ ಹೆಸರು. ಹತ್ತಿದ ಹೊತ್ತು. ಲೈವ್ ಲೊಕೇಶನ್. ಎಲ್ಲವನ್ನೂ ರೂಮ್‌ಮೇಟಿಗೆ ಕಳಿಸಿದ್ದಳು, ಆ ಹುಡುಗಿ ನಾಲ್ಕು ಗಂಟೆಗೆ ಎದ್ದು ಕೂತು ನೋಡುತ್ತಿದ್ದಳಂತೆ.

“ನನಗ್ಯಾಕ ಕಳಸಲಿಲ್ಲ?” ಅಂದೆ.

“ನಿನಗ ಹೇಳಿದ್ರ ಮುಂದಿನ ಸಲ ಊರಿಗೇ ಬರಬ್ಯಾಡ ಅಂತಿ, ಅವ್ವಾ.”

ನಾನು ಅತ್ತೆಗೆ ಹೇಳದೆ ಇದ್ದದ್ದೂ ಇದಕ್ಕೇ ಅಲ್ಲವೇ? ಅಂದು ಅಡುಗೆಮನೆಯಲ್ಲಿ ಕೂತು ಅತ್ತೆ, ಮಗಳು ಇಬ್ಬರ ಮುಂದೆಯೂ ಕುಕನೂರಿನ ಕಥೆ ಪೂರ್ತಿ ಹೇಳಿದೆ. ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೊಂಟೀನಿ ಅಂತ ಒಂದ್ ಮಾತು ಹೇಳಿದ್ರ ನಾನೂ ಎಚ್ಚರ ಇರ್ತಿದ್ನೆಲ್ಲವಾ” ಅಂದರು. ಅಷ್ಟೇ.

‘ಗೊತ್ತಿದ್ದ ಮಂದಿ’ ಅನ್ನುವ ಧೈರ್ಯ

ರಾತ್ರಿ ಟ್ಯಾಕ್ಸಿ ಅಂದರೆ ಅದು ಬೆಂಗಳೂರಿನ ಮಾತು ಅಂದುಕೊಳ್ಳುತ್ತೇವೆ. 2005ರ ಡಿಸೆಂಬರಿನಲ್ಲಿ ಅಲ್ಲಿ ಕಾಲ್ ಸೆಂಟರಿನ ಯುವತಿಯೊಬ್ಬಳ ಕೊಲೆಯಾದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಪಾಳಿಗೆ ಕರೆದೊಯ್ಯಲು ಬರಬೇಕಿದ್ದ ಡ್ರೈವರನ ಬದಲು ಬೇರೊಬ್ಬ ಬಂದಿದ್ದ. ಅವನೂ ಕಂಪನಿ ಗಾಡಿ ಓಡಿಸುತ್ತಿದ್ದವನೇ, ಹಾಗಾಗಿ ಅನುಮಾನ ಬರಲಿಲ್ಲ. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಆ್ಯಪ್ ಮೂಲಕ ಕರೆಸಿದ ಟ್ಯಾಕ್ಸಿಯಲ್ಲೇ ಅತ್ಯಾಚಾರ ನಡೆಯಿತು. ಆ್ಯಪ್ ಇದ್ದ ಮಾತ್ರಕ್ಕೆ ಭದ್ರ ಅಂತಲೂ ಅಲ್ಲ. ಆದರೆ ಆ್ಯಪಿನಲ್ಲಿ ಗಾಡಿ ನಂಬರು, ಡ್ರೈವರನ ಹೆಸರು, ದಾರಿ ಎಲ್ಲವೂ ದಾಖಲಾಗುತ್ತವೆ. ನಮ್ಮ ಊರುಗಳಲ್ಲಿ ರಾತ್ರಿ ಹತ್ತರ ಮೇಲೆ ಆ್ಯಪ್ ಟ್ಯಾಕ್ಸಿ ನೆಚ್ಚಿಕೊಂಡು ಕೂರುವಂತಿಲ್ಲ. ಯಾರದೋ ಫೋನ್ ನಂಬರು, ಯಾರದೋ ಪರಿಚಯ, ಅದೇ ನಮ್ಮ ಟ್ಯಾಕ್ಸಿ. ಅಂದಮೇಲೆ ಆ್ಯಪ್ ಮಾಡುವ ಕೆಲಸವನ್ನು ನಾವೇ ಕೈಯಿಂದ ಮಾಡಬೇಕು.

ನಮ್ಮ ಜಿಲ್ಲೆಯಲ್ಲೂ ರಾತ್ರಿ ಸುಮ್ಮನೆ ಇರುವುದಿಲ್ಲ. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಕಾಲುವೆ ಬಳಿ ನಡೆದದ್ದು ದೇಶಕ್ಕೆಲ್ಲ ಗೊತ್ತಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ, ಜೊತೆಗಿದ್ದ ಮೂವರು ಗಂಡಸರನ್ನು ಕಾಲುವೆಗೆ ನೂಕಿ ಅವರಲ್ಲಿ ಒಬ್ಬರ ಸಾವು. ಅದರಲ್ಲಿ ಟ್ಯಾಕ್ಸಿ ಇರಲಿಲ್ಲ. ಆದರೆ ಆಮೇಲೆ ನಮ್ಮ ಮನೆಗಳಲ್ಲೆಲ್ಲ ‘ಒಬ್ಬಾಕಿ ಹೋಗಬ್ಯಾಡ’ ಅನ್ನುವ ಮಾತು ಜಾಸ್ತಿಯಾಯಿತು. ಅವರು ಒಬ್ಬೊಬ್ಬರೇ ಇರಲಿಲ್ಲವಲ್ಲ, ಐದು ಮಂದಿ ಇದ್ದರು. ಹೋಗಬೇಡ ಅನ್ನುವುದು ಸುಲಭ. ಹೆರಿಗೆಗೆ, ದವಾಖಾನೆಗೆ, ಪರೀಕ್ಷೆಗೆ, ಪಾಳಿ ಕೆಲಸಕ್ಕೆ ಹೋಗಲೇಬೇಕಾದವರು ಏನು ಮಾಡಬೇಕು?

ಹತ್ತುವ ಮೊದಲು

ನಾನು, ಮಗಳು ಸೇರಿ ನಮಗಾಗಿ ಮಾಡಿಕೊಂಡ ಕೆಲವು ರೂಢಿಗಳನ್ನು ಇಲ್ಲಿ ಹೇಳುತ್ತೇನೆ. ದುಡ್ಡು ಬೇಕಿಲ್ಲ, ಎರಡು ನಿಮಿಷ ಸಾಕು.

* ಬೋರ್ಡ್ ನೋಡಿ. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆ ಗಾಡಿ. ಬ್ಯಾಟರಿ ಗಾಡಿಯಾದರೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ. ಬಿಳಿ ಬೋರ್ಡಿನದು ಸ್ವಂತದ ಗಾಡಿ, ಬಾಡಿಗೆ ಓಡಿಸಲು ಪರ್ಮಿಟ್ ಇಲ್ಲ. ಅಪಘಾತವಾದರೆ ವಿಮೆಗೂ ತಕರಾರು ಬರಬಹುದು. ‘ಕೆಎ 37’ ನಮ್ಮ ಕೊಪ್ಪಳದ ನೋಂದಣಿ ಅಂದಮಾತ್ರಕ್ಕೆ ಮಿಕ್ಕದ್ದನ್ನು ಬಿಡಬೇಡಿ.
* ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ, ಹತ್ತುವ ಮೊದಲೇ, ಡ್ರೈವರ್ ನೋಡುವಂತೆಯೇ. ಇಬ್ಬರಿಗೆ ಕಳಿಸಿ. ಒಬ್ಬರು ಮಲಗಿದ್ದರೂ ಇನ್ನೊಬ್ಬರು ಎದ್ದಿರಲಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಅದು ಯಾವ ಗಾಡಿ ಅನ್ನುವುದು ಕಾಣುತ್ತದೆ. ನಂಬರು ಒಂದು, ಗಾಡಿ ಇನ್ನೊಂದು ಆಗಿದ್ದರೆ ಹತ್ತಲೇಬೇಡಿ.
* ಐವತ್ತು ರೂಪಾಯಿ ಮುಂಗಡ ಫೋನಿನಿಂದ ಹಾಕಿ. ಇದು ನನ್ನ ಮಗಳ ಉಪಾಯ. ಫೋನ್‌ಪೇ, ಗೂಗಲ್‌ಪೇ ಯಾವುದರಲ್ಲಿ ಕಳಿಸಿದರೂ ಖಾತೆಯ ಹೆಸರು ಕಾಣುತ್ತದೆ, ಹೊತ್ತು ಸಮೇತ ದಾಖಲೆ ಉಳಿಯುತ್ತದೆ. ‘ಹೆಸರು ಏನಪಾ’ ಅಂತ ಕೇಳುವ ಸಂಕೋಚವೂ ಇಲ್ಲ.
* ಮಾತು ಮೊದಲೇ ಆಡಿ. ಬಾಡಿಗೆ ಎಷ್ಟು, ಯಾವ ದಾರಿ, ನಡುವೆ ಯಾರನ್ನೂ ಹತ್ತಿಸುವಂತಿಲ್ಲ. ನಾನು ಅಂದು ಕೇಳದೆ ಬಿಟ್ಟದ್ದು ಇದನ್ನೇ.
* ಬಾಗಿಲು ಒಳಗಿನಿಂದ ತೆರೆದು ನೋಡಿ. ಹಿಂದಿನ ಸೀಟಿನಲ್ಲಿ ಕೂತು, ಗಾಡಿ ಹೊರಡುವ ಮೊದಲೇ ಒಮ್ಮೆ ಹಿಡಿಕೆ ಎಳೆಯಿರಿ. ಮಕ್ಕಳು ತೆರೆಯದಿರಲಿ ಅಂತ ಹಾಕುವ ಚೈಲ್ಡ್ ಲಾಕ್ ಆನ್ ಇದ್ದರೆ ತೆರೆಯುವುದಿಲ್ಲ. ತೆಗೆಯಲು ಹೇಳಿ.
* ಹೊರಟ ಕೂಡಲೇ ಜೋರಾಗಿ ಫೋನ್ ಮಾಡಿ. “ಇಂಥಾ ನಂಬರ್ ಗಾಡಿ, ಇಷ್ಟೊತ್ತಿಗೆ ಬರ್ತೀನಿ” ಅಂತ ಡ್ರೈವರನಿಗೆ ಕೇಳುವಂತೆ ಹೇಳಿ. ವಾಟ್ಸ್‌ಆ್ಯಪಿನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಇಡಬಹುದು. ಸಣ್ಣ ದಾರಿಗೂ 8 ಗಂಟೆಯೇ ಇಡಿ, ಮುಟ್ಟಿದ ಮೇಲೆ ನಿಲ್ಲಿಸಿದರಾಯಿತು. ನಮ್ಮ ದಾರಿಗಳಲ್ಲಿ ಸಿಗ್ನಲ್ ಹೋಗುವ ಜಾಗಗಳಿವೆ, ಹಾಗಾಗಿ ಊರು ದಾಟಿದಾಗೊಮ್ಮೆ ಒಂದು ಮೆಸೇಜೂ ಹಾಕಿ.

ದಾರಿ ತಪ್ಪಿತು ಅನ್ನಿಸಿದರೆ

ಮನಸ್ಸಿಗೆ ಸರಿ ಅನ್ನಿಸದಿದ್ದರೆ ಅಷ್ಟೇ ಸಾಕು, ಪುರಾವೆ ಬೇಕಿಲ್ಲ. ವಾದಕ್ಕೆ ಇಳಿಯಬೇಡಿ. ‘ವಾಂತಿ ಬಂದಂಗ ಆಗೇತಿ’ ಅನ್ನಿ, ಬೆಳಕಿರುವ ಕಡೆ ನಿಲ್ಲಿಸಲು ಹೇಳಿ: ಪೆಟ್ರೋಲ್ ಬಂಕ್, ಟೋಲ್, ಧಾಬಾ, ಬಸ್‌ಸ್ಟ್ಯಾಂಡ್. ಕತ್ತಲ ಹೊಲದ ನಡುವೆ ಇಳಿಯುವುದಕ್ಕಿಂತ ಬೆಳಕು ಸಿಗುವ ತನಕ ಫೋನಿನಲ್ಲಿ ಮಾತಾಡುತ್ತಾ ಇರುವುದು ಎಷ್ಟೋ ಸಲ ಮೇಲು.

ನಿಲ್ಲಿಸಲಿಲ್ಲ ಅಂದರೆ ಯೋಚಿಸುತ್ತ ಕೂರದೆ 112ಕ್ಕೆ ಫೋನ್ ಮಾಡಿ. ಫೋನ್ ಲಾಕ್ ಆಗಿದ್ದರೂ ಈ ನಂಬರು ಒತ್ತಬಹುದು. ಎಲ್ಲಿದ್ದೀರಿ ಅಂತ ಕೇಳಿದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ ಹೇಳಿ. ಮೇಲ್ಭಾಗ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. 2019ರಿಂದ ನೋಂದಣಿಯಾದ ಟ್ಯಾಕ್ಸಿಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂಬ ನಿಯಮವಿದೆ. ಕೂತ ಕೂಡಲೇ ಕೆಂಪು ಗುಂಡಿ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಆದರೆ ಅದೊಂದನ್ನೇ ನಂಬಬೇಡಿ.

ದೂರು ಕೊಡುವುದಾದರೆ ‘ಘಟನೆ ಕುಕನೂರಿನದು, ನಾವಿರೋದು ಯಲಬುರ್ಗಾ’ ಅಂತ ಹಿಂಜರಿಯುವುದು ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನ ಪ್ರಕಾರ, ಅಪರಾಧ ಯಾವ ಠಾಣೆ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು. ಇದನ್ನೇ ಜೀರೊ ಎಫ್‌ಐಆರ್ ಅನ್ನುತ್ತಾರೆ. ಸಲಹೆ, ನೆರವು ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ. ರೈಲಿನಲ್ಲಿ ಬರುವಾಗ ತೊಂದರೆಯಾದರೆ 139.

ಇನ್ನೊಂದು ಮಾತು. ಬೆಳಗಿನ ಜಾವ ಹೆದ್ದಾರಿಯ ಬೈಪಾಸಿನಲ್ಲಿ ಇಳಿಸುವ ಬಸ್ಸಿನವರಿಗೆ ‘ಊರೊಳಗೆ ಬಸ್‌ಸ್ಟ್ಯಾಂಡಿಗೆ ಬಿಡ್ರಿ, ಇಲ್ಲಾ ಗಾಡಿ ಬರೋ ತನಕ ನಿಲ್ರಿ’ ಅಂತ ಮೊದಲೇ ಕೇಳಿ. ಬೆಳಗಾಗುವ ತನಕ ಜನ ಇರುವ ಬಸ್‌ಸ್ಟ್ಯಾಂಡಿನಲ್ಲಿ, ಕಂಟ್ರೋಲ್ ರೂಮಿನ ಹತ್ತಿರ ಕೂತರೂ ತಪ್ಪೇನಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮೊದಲ ಬಸ್ಸು ಹೇಗೂ ಪುಕ್ಕಟೆ.

ಡ್ರೈವರ್ ಏನಂದುಕೊಂಡಾನು?

ನಮ್ಮನ್ನು ಹಿಡಿದು ನಿಲ್ಲಿಸುವುದು ಈ ಒಂದೇ ಪ್ರಶ್ನೆ. ಪಾಪ, ಅವರೂ ಹೊಟ್ಟೆಪಾಡಿಗೆ ನಿದ್ದೆಗೆಟ್ಟು ಓಡಿಸುವವರು. ನಡುರಾತ್ರಿ ಬಸುರಿ ಹೆಂಗಸರನ್ನು ಕೊಪ್ಪಳದ ಆಸ್ಪತ್ರೆಗೆ ಮುಟ್ಟಿಸುವವರೂ ಅವರೇ. ಮೊದಲ ಸಲ ಫೋಟೊ ತೆಗೆದಾಗ ನನ್ನ ಕೈ ನಡುಗಿತ್ತು. ಆ ಡ್ರೈವರ್ ಅಂದದ್ದು ಇಷ್ಟೇ: “ತಕ್ಕೋರಿ ಅಕ್ಕಾರ. ನಾಳೆ ನಮ್ಮ ಮ್ಯಾಲ ಯಾರರ ಸುಳ್ಳ ಹೇಳಿದ್ರ ನಮಗೂ ಅದ ಸಾಕ್ಷಿ.” ಪ್ರಾಮಾಣಿಕನಿಗೆ ಫೋಟೊದಿಂದ ನಷ್ಟವಿಲ್ಲ. ಸಿಟ್ಟಿಗೇಳುವವನ ಗಾಡಿ ಹತ್ತುವುದೇ ಬೇಡ.

ಮನೆಯ ಹಿರಿಯರಿಗೆ ನನ್ನದೊಂದು ಕೋರಿಕೆ. ಮಗಳು, ಸೊಸೆ ‘ಹಿಂಗಾತು’ ಅಂತ ಹೇಳಿದಾಗ ಮೊದಲು ಕೇಳಿಸಿಕೊಳ್ಳಿ. ‘ಅದಕ್ಕ ಹೋಗಬ್ಯಾಡ ಅಂದಿದ್ದೆ’ ಅನ್ನುವ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಆ ಒಂದು ಮಾತಿಗೆ ಅಂಜಿ ಅವಳು ಮುಂದಿನ ಸಲ ಗಾಡಿ ನಂಬರು ನಿಮಗೆ ಕಳಿಸುವುದಿಲ್ಲ. ಕಳಿಸದೆ ಹೋದರೆ ಕಾಯುವವರು ಯಾರು?

ಈಗ ನಮ್ಮ ಮನೆಯಲ್ಲಿ ಅತ್ತೆಗೂ ಒಂದು ಕೆಲಸ ಇದೆ. ಓದು ಬಾರದು, ಆದರೆ ವಾಟ್ಸ್‌ಆ್ಯಪಿನ ಧ್ವನಿ ಸಂದೇಶ ಕೇಳುವುದನ್ನು ಮೊಮ್ಮಗಳು ಕಲಿಸಿದ್ದಾಳೆ. ನಾನು ತಡವಾಗಿ ಬರುವ ದಿನ, ಮಗಳು ಊರಿಂದ ಹೊರಟ ದಿನ, ಪಡಸಾಲೆಯಲ್ಲಿ ದೀಪ ಹಚ್ಚಿಕೊಂಡು ಫೋನ್ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಬೆಂಗಳೂರಿನ ರೂಮಿನಿಂದ ಮಗಳ ದನಿಯಲ್ಲಿ ‘ಮುಟ್ಟೀನಿ ಅಮ್ಮಾ, ಮಲಕೋ’ ಅಂತ ಬಂದ ಮೇಲೆಯೇ ಅವರು ದೀಪ ಆರಿಸುವುದು.