ಹಾಡು ನೆನಪಿದೆ, ಪೈಲ್ವಾನರ ಹೆಸರು ನೆನಪಿದೆಯೇ?

ಮಣಲಿ: ರಿಫೈನರಿ ಮತ್ತು ರಸಗೊಬ್ಬರ ಕಾರ್ಖಾನೆಗಳ ಈ ಊರಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹಳೆಯ ಚಿತ್ರಗಳ ಮಾತು ಬಂದರೆ 'ಸತ್ಯ ಹರಿಶ್ಚಂದ್ರ'ದ ಸ್ಮಶಾನದ ಹಾಡು ಬಾರದೆ ಇರುವುದಿಲ್ಲ. ಕುಲದ ಮೇಲು ಕೀಳನ್ನು ಪ್ರಶ್ನಿಸುತ್ತಾ ಕುಣಿಯುವ ವೀರಬಾಹುವಿನ ಹಾಡದು. ಹಿರಿಯರಿಗೆ ಪೂರ್ತಿ ಬಾಯಿಪಾಠ. ಆದರೆ "ಕುಣೀತಿರೋದು ಯಾರು ತಾತ?" ಎಂದು ಮೊಮ್ಮಗಳು ಕೇಳಿದರೆ "ವೀರಬಾಹು ಕಣಮ್ಮ" ಎಂಬುದಷ್ಟೇ ಉತ್ತರ. ಪಾತ್ರದ ಹೆಸರು ಉಳಿದಿದೆ, ನಟನ ಹೆಸರು ಜಾರುತ್ತಿದೆ. ಆ ನಟ ಮೈಸೂರಿನ ಎಂ.ಪಿ. ಶಂಕರ್. ಅವರು ಬಣ್ಣ ಹಚ್ಚುವ ಮೊದಲು ಮೈಗೆ ಗರಡಿಯ ಮಣ್ಣು ಹಚ್ಚಿಕೊಂಡವರು, ಅಂದರೆ ಅಸಲಿ ಪೈಲ್ವಾನರು.

ಶಂಕರ್ ಅವರು ಹುಟ್ಟಿದ್ದು 1935ರ ಆಗಸ್ಟ್ 20ರಂದು. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅರಮನೆಯ ಆಶ್ರಯದಿಂದಾಗಿ ಕುಸ್ತಿ ಆ ಊರಿನಲ್ಲಿ ಬರೀ ಆಟವಾಗಿರಲಿಲ್ಲ, ಮರ್ಯಾದೆಯ ವಿಷಯವಾಗಿತ್ತು. ಬೀದಿಬೀದಿಗೂ ಗರಡಿ ಮನೆ, ಗರಡಿಗೊಬ್ಬ ಉಸ್ತಾದ್, ಗೋಡೆಯ ಮೇಲೆ ಹನುಮಂತ. ಬೆಳಗಿನ ಜಾವಕ್ಕೆ ಹುಡುಗರು ಲಂಗೋಟಿ ಬಿಗಿದು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಆಮೇಲೆ ಮಟ್ಟಿಗೆ ಇಳಿಯಬೇಕು. ಮಟ್ಟಿಯ ಕೆಮ್ಮಣ್ಣು ಸಾಮಾನ್ಯ ಮಣ್ಣಲ್ಲ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ್ದು. ಬಿದ್ದರೂ ಮೈ ತರಚಬಾರದು, ತರಚಿದರೂ ಕೀವಾಗಬಾರದು ಎಂಬ ಲೆಕ್ಕ.

ದಸರಾ ಬಂತೆಂದರೆ ಜೋಡಿ ಕಟ್ಟುವ ಸಂಭ್ರಮ. ತೂಕ, ವಯಸ್ಸು, ಹಿಂದಿನ ಗೆಲುವು ನೋಡಿ ಯಾರಿಗೆ ಯಾರು ಎದುರಾಳಿ ಎಂದು ಹಿರಿಯರು ಕೂತು ನಿರ್ಧರಿಸುತ್ತಾರೆ. ಪಾಯಿಂಟ್ ಕುಸ್ತಿ ಒಂದು ಬಗೆ, ಚಿತ್ ಆಗುವವರೆಗೂ ಬಿಡದ ಮಾರ್ಪಿಟ್ ಕುಸ್ತಿ ಇನ್ನೊಂದು ಬಗೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವಂತೂ ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ಇಂಥ ಊರಿನಲ್ಲಿ ಚಿಕ್ಕಂದಿನಿಂದಲೇ ಕುಸ್ತಿಯ ಹುಚ್ಚು ಹಿಡಿಸಿಕೊಂಡ ಶಂಕರ್ ಸ್ಪರ್ಧೆಗಳಲ್ಲಿ ಗೆದ್ದು ಪೈಲ್ವಾನ ಎನಿಸಿಕೊಂಡರು. ಜೊತೆಜೊತೆಗೇ ನಾಟಕದ ಗೀಳೂ ಅಂಟಿತ್ತು.

ಕುಸ್ತಿಯಿಂದ ಹೊಟ್ಟೆ ತುಂಬುತ್ತದೆಯೇ? ತುಂಬುವುದಕ್ಕಿಂತ ಖರ್ಚೇ ಹೆಚ್ಚು. ಹಾಲು, ತುಪ್ಪ, ಬಾದಾಮಿ, ಮಾಂಸ ಎಂದು ಪೈಲ್ವಾನನ ಊಟದ ಬಾಬತ್ತೇ ಒಂದು ಸಂಸಾರದ ಬಜೆಟ್ಟು. ರಾಜಾಶ್ರಯ ಇದ್ದಷ್ಟು ಕಾಲ ಸರಿ. ಅದು ಹೋದ ಮೇಲೆ ಪಂದ್ಯದ ಇನಾಮನ್ನು ನಂಬಿ ವರ್ಷ ತಳ್ಳುವುದು ಕಷ್ಟವಾಯಿತು. ಪಿಂಚಣಿ ಇಲ್ಲ, ಪ್ರಾವಿಡೆಂಟ್ ಫಂಡ್ ಇಲ್ಲ. ಮೂವತ್ತು ದಾಟಿದರೆ ಮೈ ಮಾತು ಕೇಳುವುದಿಲ್ಲ. ಹೀಗಾಗಿ ದೇಶದ ಎಲ್ಲ ಕಡೆ ಪೈಲ್ವಾನರಿಗೆ ಸಿನಿಮಾ ಎಂಬುದು ಇನ್ನೊಂದು ಅಖಾಡವಾಗಿ ಕಂಡಿತು. ಪಂಜಾಬಿನ ದಾರಾ ಸಿಂಗ್ ಫ್ರೀಸ್ಟೈಲ್ ಕುಸ್ತಿಯಲ್ಲಿ ಹೆಸರು ಮಾಡಿ 1962ರ 'ಕಿಂಗ್ ಕಾಂಗ್' ಎಂಬ ಹಿಂದಿ ಚಿತ್ರದಲ್ಲಿ ನಾಯಕರಾದರು. ಕಾಕತಾಳೀಯವೆಂಬಂತೆ ಶಂಕರ್ ಅವರು ಕನ್ನಡ ತೆರೆಗೆ ಬಂದದ್ದೂ ಅದೇ 1962ರಲ್ಲಿ, ಹುಣಸೂರು ಕೃಷ್ಣಮೂರ್ತಿ ಅವರ 'ರತ್ನಮಂಜರಿ' ಚಿತ್ರದ ಮೂಲಕ. ವ್ಯತ್ಯಾಸವಿಷ್ಟೇ: ದಾರಾ ಸಿಂಗ್ ಅವರಿಗೆ ಅವರ ಮೈಕಟ್ಟು ನಾಯಕನ ಪಟ್ಟ ಕೊಟ್ಟಿತು, ಶಂಕರ್ ಅವರಿಗೆ ಪೋಷಕ ನಟನ ಸ್ಥಾನ ಕೊಟ್ಟಿತು.

ಆ ಕಾಲದಲ್ಲಿ ಕನ್ನಡ ಸಿನಿಮಾ ಎಂದರೆ ಮದರಾಸು. ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲೇ ಚಿತ್ರೀಕರಣ, ಇಲ್ಲೇ ಹಾಡಿನ ಮುದ್ರಣ, ಇಲ್ಲೇ ಕಲಾವಿದರ ಬಿಡಾರ. ಡಾ. ರಾಜ್‌ಕುಮಾರ್ ಅವರ ಮಕ್ಕಳಾದ ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದೂ ಇಲ್ಲೇ ಎಂಬುದು ಇಲ್ಲಿನ ಕನ್ನಡಿಗರ ಹೆಮ್ಮೆಯ ಮಾತು. ಮಣಲಿಯ ರಿಫೈನರಿ ಕೆಲಸ ಆರಂಭಿಸಿದ್ದು 1969ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ವಡಪಳನಿಯ ವಾಹಿನಿ ಸ್ಟುಡಿಯೋದಲ್ಲಿ ಮೈಸೂರಿನ ಪೈಲ್ವಾನರು ವೀರಬಾಹುವಾಗಿದ್ದರು.

1965ರ 'ಸತ್ಯ ಹರಿಶ್ಚಂದ್ರ' ವಿಜಯಾ ಸಂಸ್ಥೆಯ ಚಿತ್ರ. ಕೆ.ವಿ. ರೆಡ್ಡಿ ನಿರ್ಮಾಪಕರು, ಹುಣಸೂರು ನಿರ್ದೇಶಕರು. ಅದೇ ಕಥೆ ತೆಲುಗಿನಲ್ಲೂ ಎನ್.ಟಿ. ರಾಮರಾವ್ ಅವರನ್ನು ಹಾಕಿಕೊಂಡು ತಯಾರಾಯಿತು. ತೆಲುಗಿನದು ಅಷ್ಟಾಗಿ ಓಡಲಿಲ್ಲ, ಕನ್ನಡದ್ದು ಮನೆಮಾತಾಯಿತು. ರಾಷ್ಟ್ರಪ್ರಶಸ್ತಿಯೂ ಬಂತು. ರಾಜ್‌ಕುಮಾರ್, ಪಂಢರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು. ಇಂಥ ಘಟಾನುಘಟಿಗಳ ನಡುವೆ, ಚಿತ್ರ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಬರುವ ಪಾತ್ರ ವೀರಬಾಹು. ಸಾಲ ತೀರಿಸಲು ಹೆಂಡತಿ ಮಗನನ್ನು ಮಾರಿದ ರಾಜ ಕಡೆಗೆ ತನ್ನನ್ನೇ ಮಾರಿಕೊಳ್ಳುತ್ತಾನೆ. ಕೊಳ್ಳುವವನು ಕಾಶಿಯ ಸುಡುಗಾಡು ಕಾಯುವ ಈ ವೀರಬಾಹು. ಲೋಕ ಮುಟ್ಟದವನ ಮುಂದೆ ಚಕ್ರವರ್ತಿ ಆಳಾಗಿ ನಿಂತಿದ್ದಾನೆ, ಆಗ ಹಾಡು.

ಹಾಡಿನ ಸಾಹಿತ್ಯ ಹುಣಸೂರರದು, ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದು, ಕಂಠ ಘಂಟಸಾಲ ಅವರದು. ತೆಲುಗರ ಕಂಠ, ತಮಿಳು ನೆಲದ ಸ್ಟುಡಿಯೋ, ಮೈಸೂರಿನ ಪೈಲ್ವಾನರ ಕುಣಿತ! ಹರಿಶ್ಚಂದ್ರನ ತಾಳ್ಮೆಗೆ ಜನ ಕಣ್ಣೀರು ಹಾಕಿದರು, ನಿಜ. ಆದರೆ ಕಣ್ಣೀರಿನ ನಡುವೆ ಎದೆ ತಟ್ಟಿ ಪ್ರಶ್ನೆ ಕೇಳಿದವನು ವೀರಬಾಹು. ಆ ಪಾತ್ರವನ್ನು ಬರೀ ನಗೆಪಾತ್ರ ಮಾಡಿಬಿಡುವುದು ಸುಲಭವಿತ್ತು. ತೆಳು ಮೈಯವರು ಯಾರಾದರೂ ಕುಡುಕನಂತೆ ತೂರಾಡಿ ಮುಗಿಸುತ್ತಿದ್ದರೇನೋ. ಶಂಕರ್ ಅವರ ವೀರಬಾಹು ನಗಿಸಿದರೂ ಹಗುರವಾಗಲಿಲ್ಲ. ಅದು ಅವರ ಅಭಿನಯದ ತೂಕ, ಜೊತೆಗೆ ಗರಡಿಯ ತೂಕ.

ಈ ಒಂದು ಪಾತ್ರದ ನಂತರ ದೊಡ್ಡ ಪಾತ್ರಗಳ ಸಾಲೇ ಬರಬೇಕಿತ್ತು. ಹಾಗಾಗಲಿಲ್ಲ. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಖಳ, ಬಂಟ, ಒರಟ, ಒಳ್ಳೆಯ ಮನಸ್ಸಿನ ದಾಂಡಿಗ ಹೀಗೆ ಸಿಕ್ಕಿದ್ದನ್ನು ಮಾಡಿದರು. ಮೈ ನೋಡಿ ಪಾತ್ರ ಕೊಡುವ ಉದ್ಯಮ, ಮೈಯೊಳಗಿನ ನಟನನ್ನು ಅಪರೂಪಕ್ಕೆ ಕೇಳಿತು ಎನ್ನದೆ ವಿಧಿಯಿಲ್ಲ.

ಬಹುಶಃ ಅದಕ್ಕೇ ಇರಬೇಕು, ಅವರು ನಿರ್ಮಾಣಕ್ಕೂ ಇಳಿದರು. ಅವರ ಒಲವು ಕಾಡು ಮತ್ತು ಪ್ರಾಣಿಗಳ ಕಡೆ. 'ಕಾಡಿನ ರಹಸ್ಯ', 'ಗಂಧದ ಗುಡಿ', 'ಮೃಗಾಲಯ' ಎಂದು ಅವರ ಹೆಸರಿನೊಂದಿಗೆ ಸೇರಿಕೊಂಡ ಚಿತ್ರಗಳ ಶೀರ್ಷಿಕೆ ನೋಡಿದರೇ ಗೊತ್ತಾಗುತ್ತದೆ. ಚೆನ್ನೈನವರಿಗೆ ಇಲ್ಲಿ ಸ್ಯಾಂಡೋ ಚಿನ್ನಪ್ಪ ದೇವರ್ ನೆನಪಾಗದೆ ಇರುವುದಿಲ್ಲ. ಅವರೂ ಕಸರತ್ತಿನ ಮೈಯವರು, ಸಣ್ಣಪುಟ್ಟ ಪಾತ್ರ ಮಾಡಿ ನಿರ್ಮಾಪಕರಾದವರು, ಆನೆಯನ್ನೇ ನಾಯಕನಷ್ಟು ಎತ್ತರಕ್ಕೆ ನಿಲ್ಲಿಸಿ 1971ರಲ್ಲಿ 'ಹಾಥಿ ಮೇರೆ ಸಾಥಿ' ತೆಗೆದವರು. ಮೈಬಲದವರಿಗೆ ಮೂಕಪ್ರಾಣಿಗಳ ಮೇಲೆ ಯಾಕೆ ಇಷ್ಟು ಅಕ್ಕರೆಯೋ!

'ಗಂಧದ ಗುಡಿ' ತೆರೆಕಂಡದ್ದು 1973ರಲ್ಲಿ. ಶಂಕರ್ ನಿರ್ಮಾಪಕರು, ವಿಜಯ್ ನಿರ್ದೇಶಕರು, ರಾಜ್‌ಕುಮಾರ್ ಅವರ 150ನೇ ಚಿತ್ರ. ನಾಯಕ ರಾಜನಲ್ಲ, ಸಾಹುಕಾರನಲ್ಲ, ಒಬ್ಬ ಅರಣ್ಯಾಧಿಕಾರಿ. ಮರ ಕಡಿಯುವವರ, ಕಳ್ಳಬೇಟೆಯವರ ವಿರುದ್ಧ ಅವನ ಹೋರಾಟ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಹುಲಿ ಯೋಜನೆ ಶುರುವಾಗಿ ಬಂಡೀಪುರ ಅದರಲ್ಲಿ ಸೇರಿದ್ದು 1973ರಲ್ಲಿ. ಮೈಸೂರು ರಾಜ್ಯ ಕರ್ನಾಟಕ ಎಂದಾದದ್ದೂ ಅದೇ ವರ್ಷದ ನವೆಂಬರ್ 1ರಂದು. ಸರ್ಕಾರ ಕಾನೂನಿನಲ್ಲಿ ಬರೆದದ್ದನ್ನು ಒಬ್ಬ ಪೈಲ್ವಾನರು ಕೈಯಿಂದ ಹಣ ಹಾಕಿ ಹಳ್ಳಿಯ ಟೆಂಟ್‌ಗಳಿಗೆ ಮುಟ್ಟಿಸಿದರು ಎಂದರೆ ತಪ್ಪಾಗದು. 1979ರಲ್ಲಿ ಇದೇ ಕಥೆ ಧರ್ಮೇಂದ್ರ ಅವರ 'ಕರ್ತವ್ಯ'ವಾಗಿ ಹಿಂದಿಗೆ ಹೋಯಿತು. ಚಿತ್ರೀಕರಣದ ವೇಳೆಯ ಬಂದೂಕಿನ ಪ್ರಕರಣವೊಂದರಿಂದ ಇಬ್ಬರು ನಟರ ಅಭಿಮಾನಿಗಳು ವರ್ಷಗಟ್ಟಲೆ ಕಿತ್ತಾಡಿದ್ದುಂಟು. ಇಬ್ಬರೂ ಇಲ್ಲದ ಈ ಹೊತ್ತಿನಲ್ಲಿ ಅದನ್ನು ಕೆದಕುವುದು ಬೇಡ. ಪುನೀತ್ ಅವರು ತೀರಿಕೊಂಡ ಮರುವರ್ಷ, 2022ರಲ್ಲಿ, ತೆರೆಗೆ ಬಂದ ಅವರ ಕಾಡಿನ ಸಾಕ್ಷ್ಯಚಿತ್ರಕ್ಕೂ 'ಗಂಧದ ಗುಡಿ' ಎಂದೇ ಹೆಸರು. ಹೊಸ ತಲೆಮಾರಿನವರಿಗೆ ಆ ಹೆಸರು ಗೊತ್ತು, ಮೊದಲು ಅದಕ್ಕೆ ಹಣ ಹೂಡಿದವರು ಗೊತ್ತಿಲ್ಲ.

ಸರ್ಪಟ್ಟ, ಕಾಶಿಮೇಡು ಎಂದು ಬಾಕ್ಸಿಂಗ್ ಪರಂಪರೆಯ ಮಾತಾಡುವ ಉತ್ತರ ಚೆನ್ನೈಯವರು ತಮ್ಮ ಹಳೆಯ ಮಲ್ಲರ ಹೆಸರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 2021ರಲ್ಲಿ ಪಾ. ರಂಜಿತ್ ಅದರ ಮೇಲೆ ಸಿನಿಮಾವನ್ನೇ ಮಾಡಿದರು. ಕನ್ನಡದ ಗರಡಿಯಿಂದ ತೆರೆಗೆ ಬಂದವರ ಬಗ್ಗೆ ಅಂಥದ್ದೊಂದು ಆಗಬೇಕಿದೆ. ಅಲ್ಲಿಯವರೆಗೆ ಸಂಘದ ರಾಜ್ಯೋತ್ಸವದ ಚಿತ್ರಗೀತೆ ಕಾರ್ಯಕ್ರಮದಲ್ಲಿ ಈ ಹಾಡು ಹಾಡುವಾಗ ಗಾಯಕರ ಹೆಸರಿನ ಜೊತೆ ನಟರ ಹೆಸರನ್ನೂ ಹೇಳಿದರೆ ಅರ್ಧ ನಿಮಿಷದ ಖರ್ಚು, ಅಷ್ಟೆ.

2008ರಲ್ಲಿ 'ಸತ್ಯ ಹರಿಶ್ಚಂದ್ರ' ವರ್ಣದಲ್ಲಿ ಮತ್ತೆ ಬಿಡುಗಡೆಯಾಯಿತು. ಕಪ್ಪು ಬಿಳುಪಿನ ವೀರಬಾಹು ನಲವತ್ತಮೂರು ವರ್ಷಗಳ ಮೇಲೆ ಬಣ್ಣದಲ್ಲಿ ಕುಣಿದ. ಅದೇ ವರ್ಷ ಜುಲೈ 17ರಂದು ಶಂಕರ್ ಅವರು ಮೈಸೂರಿನಲ್ಲಿ ತೀರಿಕೊಂಡರು. ವಡಪಳನಿಯಲ್ಲಿ ಸ್ಟುಡಿಯೋದ ಜಾಗದಲ್ಲಿ ವಿಜಯಾ ಹೆಸರಿನ ಆಸ್ಪತ್ರೆ ಎದ್ದಿದೆ, 2013ರಲ್ಲಿ ಮಾಲ್ ಕೂಡ ತೆರೆಯಿತು. ಮಣಲಿಯಿಂದ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಅತ್ತ ಹೋಗುವ ಕನ್ನಡ ಕುಟುಂಬಗಳು, ವೀರಬಾಹು ಕುಣಿದ ಸ್ಟುಡಿಯೋ ಇದ್ದದ್ದು ಇಲ್ಲೇ ಎಂದು ಒಮ್ಮೆ ಕೈ ತೋರಿಸಬಹುದು.