ಅಂದಿನ ನಿಯಮ, ಇಂದಿನ ಫೋನು

ರಾತ್ರಿ ಊಟದ ಹೊತ್ತಿಗೆ ತಿಪಟೂರಿನಿಂದ ಅಮ್ಮನ ಫೋನು ಬರುತ್ತದೆ. ಮಳೆ, ನೆಂಟರ ಆರೋಗ್ಯ, ಕೊಬ್ಬರಿ ರೇಟು ಎಲ್ಲ ಆದ ಮೇಲೆ ಒಂದು ಪ್ರಶ್ನೆ ಕಾದಿರುತ್ತದೆ. ‘ರಾತ್ರಿಯೆಲ್ಲ ಚಾರ್ಜಿಗೆ ಹಾಕಿಟ್ರೆ ಫೋನು ಕೆಟ್ಟೋಗುತ್ತಂತೆ, ಹೌದೇನೋ?’ ಮಾರನೆಯ ದಿನ ಬೆಂಗಳೂರಿನ ಆಫೀಸಿನಲ್ಲಿ, ಎಂಜಿನಿಯರಿಂಗ್ ಓದಿದ ಸಹೋದ್ಯೋಗಿಯೂ ಹೆಚ್ಚುಕಡಿಮೆ ಅದನ್ನೇ ಕೇಳುತ್ತಾರೆ.

ಇಂಥ ನಂಬಿಕೆಗಳನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವುಗಳ ಬುಡ ಕೆದಕಿದಾಗಲೆಲ್ಲ ಒಂದು ಕಾಲದಲ್ಲಿ, ಒಂದು ಕಡೆ ನಿಜವಾಗಿದ್ದ ಮಾತೇ ಸಿಕ್ಕಿದೆ. ವಸ್ತು ಬದಲಾಗಿದೆ, ನಾವು ಕಲಿತ ನಿಯಮ ಹಾಗೇ ಉಳಿದಿದೆ. ಕೆಲವು ಹಳೆಯ ನಿಯಮಗಳಿಂದ ಸ್ವಲ್ಪ ಸಮಯ ಹಾಳಾಗುತ್ತದೆ, ಅಷ್ಟೆ. ಇನ್ನು ಕೆಲವು ಬ್ಯಾಂಕ್ ಖಾತೆಯನ್ನೇ ಬರಿದು ಮಾಡುತ್ತವೆ. ಸಣ್ಣದರಿಂದ ಶುರುಮಾಡಿ ದೊಡ್ಡದಕ್ಕೆ ಹೋಗೋಣ.

ತಪ್ಪು ಕಲ್ಪನೆ 1: ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕು, ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಫೋನು ಹಾಳು

ಸತ್ಯ: ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ನಿಯಮ. ಅರ್ಧ ಖಾಲಿಯಾದಾಗಲೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಆ ಬ್ಯಾಟರಿಗಳ ಸಾಮರ್ಥ್ಯ ಕುಗ್ಗಿದಂತಾಗುತ್ತಿತ್ತು. ಈಗ ನಮ್ಮ ಜೇಬಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ತಂತ್ರಜ್ಞಾನದ ಹಿಂದಿದ್ದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇದರ ಸ್ವಭಾವ ಹಳೆಯದಕ್ಕೆ ತದ್ವಿರುದ್ಧ. ಪೂರ್ತಿ ಖಾಲಿಯಾಗುವುದೇ ಇದಕ್ಕೆ ಹಿಂಸೆ; ಆಗಾಗ ಸ್ವಲ್ಪಸ್ವಲ್ಪ ಚಾರ್ಜ್ ಮಾಡಿದರೆ ತೊಂದರೆಯಿಲ್ಲ.

ಬ್ಯಾಟರಿ ತುಂಬಿದ ಕೂಡಲೇ ಫೋನಿನೊಳಗಿನ ಸರ್ಕ್ಯೂಟ್ ವಿದ್ಯುತ್ತನ್ನು ತಾನೇ ತಡೆಯುತ್ತದೆ. ಈಚಿನ ಅನೇಕ ಫೋನುಗಳು ಶೇ 80ಕ್ಕೆ ತಡೆದು, ನಾವು ಏಳುವ ಹೊತ್ತಿಗೆ ಉಳಿದದ್ದನ್ನು ತುಂಬಿಸುತ್ತವೆ. ಬ್ಯಾಟರಿಯ ನಿಜವಾದ ಶತ್ರು ಬಿಸಿ. ದಿಂಬಿನ ಕೆಳಗೆ ಚಾರ್ಜಿಗಿಡುವುದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಫೋನು ಬಿಟ್ಟುಹೋಗುವುದು, ಕಳಪೆ ಚಾರ್ಜರ್ ಬಳಸುವುದು ಇವುಗಳಿಗೆ ಹೆದರಬೇಕು. ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಹಾಸಿಗೆಯ ಮೇಲೆ ಬೇಡ, ಮೇಜಿನ ಮೇಲಿಟ್ಟು ನಿಶ್ಚಿಂತೆಯಿಂದ ಮಲಗು.

ತಪ್ಪು ಕಲ್ಪನೆ 2: ತೆರೆದ ಆ್ಯಪ್‌ಗಳನ್ನೆಲ್ಲ ಆಗಾಗ ತಳ್ಳಿ ಮುಚ್ಚಿದರೆ ಚಾರ್ಜ್ ಉಳಿಯುತ್ತದೆ

ಸತ್ಯ: ಹಳೆಯ ಕಂಪ್ಯೂಟರುಗಳಲ್ಲಿ ನಾಲ್ಕು ವಿಂಡೊ ತೆರೆದರೆ ಯಂತ್ರ ಏದುಸಿರು ಬಿಡುತ್ತಿತ್ತು. ಮುಚ್ಚುವ ಅಭ್ಯಾಸ ಅಲ್ಲಿಂದ ಬಂದದ್ದು. ಫೋನಿನಲ್ಲಿ ಹಿಂದೆ ಸರಿದ ಆ್ಯಪ್‌ಗಳಲ್ಲಿ ಹೆಚ್ಚಿನವು ನಿದ್ದೆಯಲ್ಲಿರುತ್ತವೆ. ಜಾಗ ಬೇಕಾದಾಗ ಫೋನೇ ಅವನ್ನು ತೆಗೆದುಹಾಕುತ್ತದೆ. ನಾವು ಮುಚ್ಚಿ ಮತ್ತೆ ತೆರೆದರೆ ಎಲ್ಲವನ್ನೂ ಮೊದಲಿನಿಂದ ಲೋಡ್ ಮಾಡಬೇಕಾಗಿ ಖರ್ಚು ಹೆಚ್ಚಾಗುತ್ತದೆ. ಹ್ಯಾಂಗ್ ಆದ ಆ್ಯಪ್ ಒಂದನ್ನು ಮುಚ್ಚಿದರೆ ಸಾಕು.

ತಪ್ಪು ಕಲ್ಪನೆ 3: ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಕು

ಸತ್ಯ: ಉಪ್ಪಿನ ಜೊತೆ ನಾಲ್ಕು ಅಕ್ಕಿಕಾಳು ಹಾಕಿಡುವ ಮನೆಗಳಲ್ಲಿ ಈ ಉಪಾಯ ಹೊಳೆಯುವುದು ಸಹಜ. ಆದರೆ ಫೋನಿನೊಳಗಿನ ನೀರನ್ನು ಅಕ್ಕಿ ಎಳೆದು ತೆಗೆಯಲಾರದು. ಅಕ್ಕಿಯ ಹುಡಿ, ಸಣ್ಣ ನುಚ್ಚು ಚಾರ್ಜಿಂಗ್ ಕಿಂಡಿಯೊಳಗೆ ಸೇರಿ ಇನ್ನಷ್ಟು ಹಾನಿಯಾಗಬಹುದು. ಅಕ್ಕಿಯಲ್ಲಿಡಬೇಡಿ ಎಂದು ಆ್ಯಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿದೆ. ಫೋನನ್ನು ಆಫ್ ಮಾಡಿ, ಒರೆಸಿ, ಕಿಂಡಿ ಕೆಳಮುಖವಾಗುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಡಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಬೇಡ.

ತಪ್ಪು ಕಲ್ಪನೆ 4: ಒಟ್ಟಿಗೇ ನಾಲ್ಕು ಕೆಲಸ ಮಾಡುವವರೇ ಚುರುಕು

ಸತ್ಯ: ಮೀಟಿಂಗ್ ನಡೆಯುತ್ತಿರುವಾಗಲೇ ಮೇಲ್‌ಗೆ ಉತ್ತರ ಬರೆಯುವುದು, ನಡುವೆ ವಾಟ್ಸ್ಆ್ಯಪ್ ನೋಡುವುದು ಜಾಣತನವೆಂದು ನಾನೂ ಹಲವು ವರ್ಷ ನಂಬಿದ್ದೆ. ಅಜ್ಜಿ ಸಾರು ಕುದಿಸುತ್ತಾ, ದೇವರನಾಮ ಹಾಡುತ್ತಾ, ನಮಗೆ ಮಗ್ಗಿ ಹೇಳಿಕೊಟ್ಟಿದ್ದನ್ನು ನೋಡಿ ಬೆಳೆದವರು ನಾವು. ಆದರೆ ಅಲ್ಲಿ ಸೌಟು ತಿರುಗಿಸುವುದು ಕೈಗೆ ಪಳಗಿದ ಕೆಲಸ, ಅದಕ್ಕೆ ಮನಸ್ಸು ಬೇಕಿರಲಿಲ್ಲ. ಓದುವುದು, ಬರೆಯುವುದು, ಕೇಳಿ ಅರ್ಥಮಾಡಿಕೊಳ್ಳುವುದು ಹಾಗಲ್ಲ. ಇವನ್ನು ಮೆದುಳು ಒಟ್ಟಿಗೆ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ, ಪ್ರತಿ ಜಿಗಿತಕ್ಕೂ ದಂಡ ತೆರುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಏಕಕಾಲಕ್ಕೆ ಹಲವು ಮಾಧ್ಯಮಗಳಲ್ಲಿ ಮುಳುಗುವವರು ಬೇಡದ್ದನ್ನು ಬದಿಗಿಡುವುದರಲ್ಲಿ ಮಾತ್ರವಲ್ಲ, ಕೆಲಸದಿಂದ ಕೆಲಸಕ್ಕೆ ಹೊರಳುವುದರಲ್ಲೂ ಹಿಂದಿದ್ದರು. ಅದೇ ವರ್ಷ ಸೋಫಿ ಲೆರಾಯ್ ಎಂಬ ಸಂಶೋಧಕಿ, ಅರ್ಧಕ್ಕೆ ಬಿಟ್ಟ ಕೆಲಸದ ಯೋಚನೆ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದೆ ಎಂಬುದನ್ನು ತೋರಿಸಿದರು.

‘ನಮ್ಮಲ್ಲಿ ಅಷ್ಟಾವಧಾನ ಇದೆಯಲ್ಲ’ ಎನ್ನುವವರಿದ್ದಾರೆ. ಕನ್ನಡದಲ್ಲಿ ಆ ಕಲೆಗೆ ಮರುಹುಟ್ಟು ಕೊಟ್ಟ ಶತಾವಧಾನಿ ಆರ್. ಗಣೇಶರ ಅವಧಾನವನ್ನು ಗಮನವಿಟ್ಟು ನೋಡಿ. ಅವಧಾನಿ ಪ್ರಶ್ನೆ ಒಡ್ಡುವ ಎಂಟು ಪೃಚ್ಛಕರಿಗೂ ಒಟ್ಟಿಗೆ ಉತ್ತರಿಸುವುದಿಲ್ಲ; ಸುತ್ತಿಗೊಂದು ಪಾದದಂತೆ, ಒಬ್ಬೊಬ್ಬರ ಕಡೆ ಪೂರ್ತಿ ತಿರುಗಿ ಪದ್ಯ ಕಟ್ಟುತ್ತಾರೆ. ನಡುನಡುವೆ ಬಾಯಿ ಹಾಕುವ ಅಪ್ರಸ್ತುತ ಪ್ರಸಂಗಿಯನ್ನು ಅಲ್ಲಿ ಇಟ್ಟಿರುವುದೇ ಏಕಾಗ್ರತೆಯ ಪರೀಕ್ಷೆಗೆಂದು. ವರ್ಷಗಟ್ಟಲೆ ಸಾಧನೆ ಮಾಡಿದವರಿಗೂ ಕಠಿಣವೆನಿಸುವ ಅಡ್ಡಿಯನ್ನು ನಾವು ನೋಟಿಫಿಕೇಶನ್ ರೂಪದಲ್ಲಿ ದಿನವಿಡೀ ಕರೆದು ಕೂರಿಸಿಕೊಂಡಿದ್ದೇವೆ. ಈಗ ಬೆಳಗಿನ ಹೊತ್ತು ಎರಡು ಗಂಟೆ ಕಾಲ ನನ್ನ ಫೋನು ಸೈಲೆಂಟ್ ಆಗಿ ಬ್ಯಾಗಿನಲ್ಲಿರುತ್ತದೆ. ಅದಾದ ಮೇಲೆ ಸಂಜೆ ಮನೆಗೆ ಕೆಲಸ ಹೊತ್ತೊಯ್ಯುವುದು ಕಡಿಮೆಯಾಗಿದೆ.

ತಪ್ಪು ಕಲ್ಪನೆ 5: ನಮ್ಮ ಖಾತೆಗೆ ಹಣ ಬರಬೇಕಾದರೆ ಸ್ಕ್ಯಾನ್ ಮಾಡಿ ಪಿನ್ ಹಾಕಬೇಕು

ಸತ್ಯ: ನಮ್ಮ ಭಾವ ಹಳೆಯ ಮಂಚವೊಂದನ್ನು ಮಾರಲು ಆನ್‌ಲೈನಿನಲ್ಲಿ ಹಾಕಿದ್ದರು. ಕೊಳ್ಳುವವನೊಬ್ಬ ಸವಿಮಾತಾಡಿ, ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂಕಲ್, ದುಡ್ಡು ಜಮಾ ಆಗುತ್ತೆ’ ಎಂದ. ಭಾವ ಹಾಕಿದರು. ಖಾತೆಯಿಂದ ಎಂಟು ಸಾವಿರ ಹೋಯಿತು. ಅವರು ಪೆದ್ದರಲ್ಲ, ಮೂವತ್ತು ವರ್ಷ ಅಂಗಡಿ ಲೆಕ್ಕ ಬರೆದವರು. ಅಂಚೆಯಣ್ಣ ಮನಿಯಾರ್ಡರ್ ತಂದಾಗ ರುಜು ಹಾಕಿಯೇ ದುಡ್ಡು ತೆಗೆದುಕೊಂಡ ತಲೆಮಾರು ಅವರದು. ಹಣ ಪಡೆಯುವವನು ಸಹಿ ಹಾಕಬೇಕು ಎಂಬ ಆ ಪಾಠವೇ ಅವತ್ತು ಅವರ ಬೆರಳನ್ನು ಪಿನ್ನಿನ ಮೇಲಿಟ್ಟಿತು.

2016ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ತಂದ ಯುಪಿಐ ವ್ಯವಸ್ಥೆಯ ನಿಯಮ ಸರಳ. ಪಿನ್ ಎಂದರೆ ‘ನನ್ನ ಖಾತೆಯಿಂದ ಹಣ ತೆಗೆಯಿರಿ’ ಎಂದು ಬ್ಯಾಂಕಿಗೆ ಕೊಡುವ ಒಪ್ಪಿಗೆ. ಬ್ಯಾಲೆನ್ಸ್ ನೋಡಲೂ ಅದು ಬೇಕು. ಹಣ ಪಡೆಯಲು ಎಂದೂ ಬೇಡ. ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲೆಂದು. ಅಂಗಡಿಯ ಮುಂದೆ ಅಂಟಿಸಿದ ಆ ಚೌಕದಲ್ಲಿರುವುದು ಹಣ ಯಾರಿಗೆ ಸೇರಬೇಕು ಎಂಬ ವಿಳಾಸ. ಸ್ಕ್ಯಾನ್ ಮಾಡುವವನು ಕೊಡುವವನು. ಕೋಡ್ ಇಟ್ಟವನು ಪಡೆಯುವವನು. ತರಕಾರಿ ಅಂಗಡಿಯಲ್ಲಿ ದಿನಾ ನಡೆಯುವುದು ಇದೇ. ಇಷ್ಟು ನೆನಪಿದ್ದರೆ ಈ ಮೋಸದ ಬೇರೇ ಕಿತ್ತುಹೋಗುತ್ತದೆ.

ತಪ್ಪು ಕಲ್ಪನೆ 6: ಪೊಲೀಸರು ವಿಡಿಯೊ ಕರೆಯಲ್ಲೇ ಬಂಧಿಸಬಹುದು

ಸತ್ಯ: ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ. ಕ್ಯಾಮೆರಾ ಆಫ್ ಮಾಡಬೇಡಿ. ಮನೆಯವರಿಗೂ ಹೇಳಬೇಡಿ.’ ಸಮವಸ್ತ್ರಕ್ಕೆ ತಲೆಬಾಗಬೇಕೆಂದು ಕಲಿತವರನ್ನು ಈ ಮೂರು ಮಾತು ಕಟ್ಟಿಹಾಕುತ್ತವೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನ ಮನ್ ಕಿ ಬಾತ್ ಭಾಷಣದಲ್ಲಿ ಪ್ರಧಾನಿಯೇ ಇದನ್ನು ಸ್ಪಷ್ಟಪಡಿಸಿದರು.

ಸಂವಿಧಾನದ 22ನೇ ವಿಧಿ ಹೇಳುವುದು ಬೇರೆಯೇ. ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಯಾರಿಗೂ ಹೇಳಬೇಡಿ ಎನ್ನುವವನು, ‘ಪರಿಶೀಲನೆಗಾಗಿ’ ಹಣ ಕೇಳುವವನು ಪೊಲೀಸನಾಗಿರಲು ಸಾಧ್ಯವಿಲ್ಲ. ಅಂಥ ಕರೆಯನ್ನು ಕಟ್ ಮಾಡಿದರೆ ಯಾವ ಅಪರಾಧವೂ ಆಗುವುದಿಲ್ಲ.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಭಾವ ಎರಡು ದಿನ ಯಾರಿಗೂ ಹೇಳಿರಲಿಲ್ಲ, ಆ ಎರಡು ದಿನವೇ ದೊಡ್ಡ ನಷ್ಟವಾಯಿತು. ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕೈಯಿಂದ ಕೈಗೆ ದಾಟುವ ಮುಂಚೆ ಸುದ್ದಿ ತಲುಪಿದರೆ ನಡುವಿನ ಖಾತೆಯಲ್ಲೇ ಅದನ್ನು ತಡೆಹಿಡಿಯಲು ಅವಕಾಶವಿರುತ್ತದೆ.

ಈ ಭಾನುವಾರ ಊರಿಗೆ ಫೋನು ಮಾಡಿದಾಗ, ಮಳೆ ಬೆಳೆಯ ಮಾತಿನ ಜೊತೆ ಎರಡೇ ಮಾತು ಸೇರಿಸಿ: ಹಣ ಪಡೆಯಲು ಪಿನ್ ಬೇಡ, ಫೋನಿನಲ್ಲಿ ಯಾರೂ ಬಂಧಿಸಲಾರರು. ನಂತರ 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಲು ಹೇಳಿ.