ಜೇಬಿನ ಚಾಕು



ಈ ಹೊತ್ತಿನ ನಮ್ಮ ವಿಷಯ ಬಹು ಸಣ್ಣದು. ಮಡಿಸಿದರೆ ಅಂಗೈಯೊಳಗೆ ಅಡಗಿಹೋಗತಕ್ಕದ್ದು. ನಿತ್ಯವೂ ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಇಟ್ಟುಕೊಂಡು ಓಡಾಡುವುದಕ್ಕೆ ತಕ್ಕ ಮಡಿಸುವ ಚಾಕುವೊಂದನ್ನು, ಕೊಟ್ಟ ಹಣಕ್ಕೆ ಮೋಸವಿಲ್ಲದಂತೆ ಆರಿಸಿಕೊಳ್ಳುವುದು ಹೇಗೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅಡಿಗೆಮನೆಯ ಈಳಿಗೆಮಣೆಯನ್ನು ಯಾರೂ ಜೇಬಿಗೆ ಹಾಕಿಕೊಳ್ಳಲಾರರು. ಆದರೆ ಪುಸ್ತಕದ ಕಟ್ಟಿನ ಹುರಿಯನ್ನು ಕತ್ತರಿಸಬೇಕು, ಪೆನ್ಸಿಲನ್ನು ಹೆರೆಯಬೇಕು, ರೈಲಿನಲ್ಲಿ ಸೀಬೆಯ ಹಣ್ಣನ್ನು ಹೋಳುಮಾಡಬೇಕು ಎಂಬ ಸಂದರ್ಭಗಳೆಲ್ಲ ಅಡಿಗೆಮನೆಗೆ ದೂರದಲ್ಲಿಯೇ ಒದಗುತ್ತವೆ. ಆಗ ಹಲ್ಲು, ಉಗುರು, ಬೀಗದ ಕೈ ಇವುಗಳಿಂದ ಕೆಲಸ ತೆಗೆಯಲು ಹೆಣಗುವ ವಿದ್ಯಾವಂತರನ್ನು ಯಾರು ತಾನೆ ಕಂಡಿಲ್ಲ?

ಅಂಗಡಿಗೆ ಹೋದರೆ ಬೆಲೆಗಳ ಅಂತರ ಬೆರಗುಗೊಳಿಸುತ್ತದೆ. ಸಂತೆಯ ಹಾಸುಗಂಬಳಿಯ ಮೇಲೆ ಹರಡಿದ ಚಾಕುವಿಗೂ, ಗಾಜಿನ ಬೀರುವಿನಲ್ಲಿ ಮಖಮಲ್ಲಿನ ಮೇಲೆ ಮಲಗಿಸಿದ ಚಾಕುವಿಗೂ ಬೆಲೆಯಲ್ಲಿ ನೂರು ಪಾಲು ವ್ಯತ್ಯಾಸವಿರಬಹುದು. ಕೊಯ್ಯುವ ಕೆಲಸದಲ್ಲಿ ನೂರು ಪಾಲು ವ್ಯತ್ಯಾಸವಿರಲಾರದು. ನಾವು ಹಣವನ್ನು ಕೊಡಬೇಕಾದದ್ದು ಎರಡಕ್ಕೆ ಮಾತ್ರವೆಂದು ನಮ್ಮ ಅಭಿಪ್ರಾಯ: ಒಂದು, ಅಲಗಿನ ಉಕ್ಕು ಮತ್ತು ಅದಕ್ಕೆ ಕೊಟ್ಟಿರುವ ಹದ, ಎರಡು, ಅಲಗು ಹಿಡಿಗೆ ಸೇರುವ ಕೀಲು. ಜಿಂಕೆಯ ಕೊಂಬಿನ ಹಿಡಿ, ಅಲಗಿನ ಮೇಲೆ ಕೆತ್ತಿದ ಹುಲಿಯ ಚಿತ್ರ, ಇವೆಲ್ಲ ಬೇಕೆನ್ನುವವರಿಗೆ ಬೇಕು.

ಉಕ್ಕಿನ ಗುಣವನ್ನು ಕಣ್ಣಿನಿಂದ ಅಳೆಯಲಾಗದು. ಆದುದರಿಂದಲೇ ಮೋಸವೆಲ್ಲ ಅಲ್ಲಿ ಸೇರಿಕೊಳ್ಳುತ್ತದೆ. ಕಬ್ಬಿಣದಲ್ಲಿ ನೂರಕ್ಕೆ ಅರ್ಧ ಪಾಲಿನಿಂದ ಒಂದು ಪಾಲಿನವರೆಗೆ ಇಂಗಾಲವು ಬೆರೆತರೆ ಚಾಕುವಿಗೆ ಒದಗುವ ಉಕ್ಕಾಗುತ್ತದೆ. ಅದನ್ನು ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕೆಂಪಗೆ ಕಾಯಿಸಿ ತಟ್ಟನೆ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಗಾಜಿನಷ್ಟು ಕಠಿನವಾಗುತ್ತದೆ. ಆದರೆ ಗಾಜಿನಂತೆಯೇ ಸಿಡಿಯುವ ಸ್ವಭಾವವೂ ಬರುತ್ತದೆ. ಮತ್ತೆ ಸುಮಾರು 200 ಡಿಗ್ರಿಗೆ ಮೆಲ್ಲಗೆ ಕಾಯಿಸಿ ಆರಲು ಬಿಟ್ಟರೆ ಕಾಠಿಣ್ಯ ಕೊಂಚ ತಗ್ಗಿ ಗಟ್ಟಿತನ ಬರುತ್ತದೆ. ಕುಲುಮೆಯವರು ಹದವೆನ್ನುವುದು ಇದನ್ನೇ. ಕಾರ್ಖಾನೆಗಳವರು ಇದನ್ನು ರಾಕ್‌ವೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಆ ಮಾನದಲ್ಲಿ 55ರಿಂದ 60ರ ಒಳಗೆ ಇದ್ದರೆ ನಿತ್ಯದ ಬಳಕೆಗೆ ಉತ್ತಮ. ಹದ ಕೊಡದ ಮೆದು ಅಲಗು ಕೊಂಡ ದಿನ ಹರಿತವಾಗಿಯೇ ಇರುತ್ತದೆ. ಹತ್ತು ರಟ್ಟಿನ ಪೆಟ್ಟಿಗೆಗಳನ್ನು ಸೀಳುವುದರೊಳಗೆ ಅದರ ಬಾಯಿ ಮಗುಚಿಕೊಳ್ಳುತ್ತದೆ.

ಈ ಸಂದರ್ಭದಲ್ಲಿ ಒಂದು ಮಾತು ನಮ್ಮ ನಾಡಿನವರಿಗೆ ಹಿತವಾಗಬಹುದು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸರು ‘ವೂಟ್ಸ್’ ಎಂಬ ಹಿಂದೂದೇಶದ ಉಕ್ಕನ್ನು ಕುರಿತ ಪ್ರಬಂಧವೊಂದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದರು. ಆ ವಿಚಿತ್ರವಾದ ಹೆಸರು ನಮ್ಮ ‘ಉಕ್ಕು’ ಎಂಬ ಮಾತೇ ಕೆಟ್ಟು ಆದದ್ದೆಂದು ಹಲವು ಪಂಡಿತರ ಮತ. ಲಂಡನ್ನಿನ ಚಾಕುಗಾರ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕನ್ನು ಬಹುವಾಗಿ ಮೆಚ್ಚಿದ್ದನು. 1820ರ ಸುಮಾರಿನಲ್ಲಿ ಮೈಕೆಲ್ ಫ್ಯಾರಡೆಯೊಡನೆ ಸೇರಿ ಅದರ ರಹಸ್ಯವನ್ನು ತಿಳಿಯಲು ಪ್ರಯೋಗಗಳನ್ನು ನಡೆಸಿದನು. ವಿದ್ಯುತ್ತಿನ ಸಂಶೋಧನೆಗಳಿಂದ ಲೋಕಪ್ರಸಿದ್ಧರಾದ ಫ್ಯಾರಡೆ, ಅದಕ್ಕೆ ಮುಂಚೆ ಚಾಕುವಿನ ಉಕ್ಕಿಗಾಗಿ ಮೂಸೆ ಕಾಯಿಸುತ್ತಿದ್ದರೆಂಬುದು ಸ್ವಾರಸ್ಯವಲ್ಲವೆ?

ಇಂದಿನ ಕೊಳ್ಳುವವನ ಮುಂದೆ ಉಕ್ಕಿನಲ್ಲಿ ಎರಡು ಜಾತಿಗಳಿವೆ. ಬರಿಯ ಇಂಗಾಲದ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ನಯವಾದ ಧಾರೆಯನ್ನು ಪಡೆಯುತ್ತದೆ. ಆದರೆ ತುಕ್ಕು ಹಿಡಿಯುತ್ತದೆ. ನೂರಕ್ಕೆ 12-13 ಪಾಲು ಕ್ರೋಮಿಯಂ ಸೇರಿದ ಉಕ್ಕು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಇಂಗಾಲದ ಉಕ್ಕಿನಿಂದ ಹಸಿಯ ಅಡಿಕೆಯನ್ನು ಕೊಯ್ದು ನೋಡಿ: ಅಡಿಕೆಯ ಒಗರು ಕಬ್ಬಿಣದೊಡನೆ ಕೂಡಿ ಅಲಗು ಮಸಿಯಂತೆ ಕಪ್ಪಾಗುತ್ತದೆ. ಮಾವಿನಕಾಯಿಯ ಹುಳಿಗೂ ಅದು ಕಂದುತ್ತದೆ, ಹೋಳಿಗೂ ಕಬ್ಬಿಣದ ರುಚಿ ಹತ್ತುತ್ತದೆ. ಹಣ್ಣು ಕಾಯಿಗಳನ್ನೇ ಹೆಚ್ಚಾಗಿ ಕೊಯ್ಯುವವರೂ, ಕರಾವಳಿಯವರೂ, ಮಲೆನಾಡಿನವರೂ ಎರಡನೆಯದನ್ನೇ ಕೊಳ್ಳುವುದು ಲೇಸು. ಇವೆರಡಕ್ಕೂ ಮೇಲೆ, ಉಕ್ಕಿನ ಪುಡಿಯನ್ನು ಒತ್ತಿ ಬೆಸೆದು ಮಾಡುವ ಬಹುಮೂಲ್ಯವಾದ ಹೊಸ ಉಕ್ಕುಗಳೂ ಉಂಟು. ಅವುಗಳ ಧಾರೆ ಬಹುಕಾಲ ನಿಲ್ಲುವುದು ನಿಜ. ಮೊಂಡಾದಾಗ ಮನೆಯ ಸಾಣೆಕಲ್ಲಿಗೆ ಅವು ಜಗ್ಗುವುದಿಲ್ಲವೆಂಬುದೂ ಅಷ್ಟೇ ನಿಜ. ತನ್ನ ಕೈಯಿಂದ ಮಸೆಯಲಾಗದ ಚಾಕುವನ್ನು ಕೊಂಡವನು ಅದರ ಬೆಲೆಯ ಅರ್ಧವನ್ನು ವ್ಯರ್ಥಮಾಡಿಕೊಂಡನೆಂದೇ ಹೇಳಬೇಕು.

ಅಲಗಿನ ದಪ್ಪವನ್ನು ಗಮನಿಸುವವರು ಕಡಮೆ. ದಪ್ಪನಾದ ಅಲಗನ್ನು ಕಂಡರೆ ಭದ್ರವೆಂಬ ಭಾವನೆ ಉಂಟಾಗುತ್ತದೆ; ಅದು ಸೇಬಿನ ಹಣ್ಣನ್ನು ಕೊಯ್ಯದೆ ಬೆಣೆಯಂತೆ ಸೀಳುತ್ತದೆ. ಫ್ರಾನ್ಸಿನ ಆಲ್ಪ್ಸ್ ಸೀಮೆಯ ಸವ್ವಾ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ರೈತರಿಗಾಗಿ ಮಾಡಿದ ಚಾಕು ಈ ವಿಷಯದಲ್ಲಿ ಆದರ್ಶಪ್ರಾಯವಾದುದು. ಒಂದು ಮರದ ಹಿಡಿ, ಎರಡು ಮಿಲಿಮೀಟರಿಗೂ ತೆಳುವಾದ ಒಂದು ಅಲಗು, ಒಂದು ಕೀಲು, ಒಂದು ಲೋಹದ ಪಟ್ಟಿ, ಮತ್ತೇನೂ ಇಲ್ಲ. ಅಲಗು ತೆರೆದ ಮೇಲೆ ತಿರುಗಿಸಿ ಭದ್ರಪಡಿಸತಕ್ಕ ಉಂಗುರವೊಂದನ್ನು 1955ರಲ್ಲಿ ಮಾರ್ಸೆಲ್ ಒಪಿನೆಲ್ ಸೇರಿಸಿದರು. ಅದರ 8ನೆಯ ಅಂಕೆಯ ಚಾಕುವಿಗೆ ಎಂಟೂವರೆ ಸೆಂಟಿಮೀಟರ್ ಉದ್ದದ ಅಲಗು. ತನ್ನ ದೇಶದಲ್ಲಿ ಇಂದಿಗೂ ಅದು ಅಲ್ಪಬೆಲೆಯ ಚಾಕುವೇ. ಅದರ ದೋಷವನ್ನೂ ಹೇಳಿಬಿಡಬೇಕು: ನೀರು ತಾಗಿದರೆ ಮರ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ. ಆಗುಂಬೆಯ ಆಷಾಢದಲ್ಲಿ ಅದನ್ನು ತೆರೆಯುವುದಕ್ಕೆ ಉಗುರಿನ ಬಲ ಸಾಲದು.

ಹಲವು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಅಡಗಿಸಿದ ಸ್ವಿಸ್ ಚಾಕುವಿನ ಮಾತು ಬೇರೆ. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್ ಎಂಬಲ್ಲಿ ಕಾರ್ಯಾಗಾರವನ್ನು ತೆರೆದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕುಗಳನ್ನು ಒದಗಿಸಿದನು. ಆ ಸಿಪಾಯಿ ಚಾಕುವಿನಲ್ಲಿದ್ದುವು ನಾಲ್ಕೇ: ಅಲಗು, ತೂತು ಕೊರೆಯುವ ದಬ್ಬಳ, ಡಬ್ಬಿಯ ಮುಚ್ಚಳ ತೆರೆಯುವ ಸಾಧನ, ಮತ್ತು ಬಂದೂಕವನ್ನು ಬಿಚ್ಚುವುದಕ್ಕೆ ತಿರುಪುಳಿ. ಅಲ್ಲಿ ನಾಲ್ಕಕ್ಕೂ ಕೆಲಸವಿತ್ತು. ಮೂವತ್ತು ಉಪಕರಣಗಳುಳ್ಳ ಈಗಿನ ಚಾಕುವನ್ನು ಕೊಳ್ಳುವ ಮೊದಲು, ಕಳೆದ ವಾರ ನಮಗೆ ಏನೇನು ಬೇಕಾಗಿತ್ತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ನೋಡುವುದು ಒಳ್ಳೆಯದು. ಮೀನಿನ ಪೊರೆ ಹೆರೆಯುವ ಸಾಧನವು ಎಷ್ಟು ಮಂದಿಯ ಚೀಟಿಯಲ್ಲಿ ಬಂದೀತು! ಅಲಗು, ಕತ್ತರಿ, ತಿರುಪುಳಿ ಇಷ್ಟಿದ್ದರೆ ಪೇಟೆಯ ಜೀವನಕ್ಕೆ ಧಾರಾಳವಾಯಿತು. ಈ ಚಾಕುಗಳ ನಕಲುಗಳು ಬಹಳವಿರುವುದರಿಂದ ಗುರುತಿನ ಅಂಗಡಿಯಲ್ಲಿಯೇ ಕೊಳ್ಳಬೇಕು.

ಈಗ ಕೀಲಿನ ವಿಚಾರ. ಮೊಂಡಾದ ಅಲಗು ಬರಿಯ ಬೇಸರವನ್ನು ತಂದೀತು. ಸಡಿಲವಾದ ಕೀಲು ಬೆರಳನ್ನೇ ತೆಗೆದುಕೊಳ್ಳುತ್ತದೆ. ಕೆಲವು ಚಾಕುಗಳಲ್ಲಿ ಬೆನ್ನಿನ ಕಮಾನಿನ ಒತ್ತಡ ಮಾತ್ರ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿರುತ್ತದೆ. ಬೆನ್ನಿನ ಮೇಲೆ ಭಾರ ಬಿದ್ದರೆ ಮಡಿಸಿಕೊಳ್ಳುತ್ತದೆ. ಇಂತಹುದರಿಂದ ಕೊಯ್ಯಬೇಕೇ ಹೊರತು ಚುಚ್ಚಬಾರದು. ಮತ್ತೆ ಕೆಲವುಗಳಲ್ಲಿ ಹಿಡಿಯೊಳಗಿನ ತಗಡೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಂಗಡಿಯಲ್ಲಿ ಚಾಕುವನ್ನು ಪೂರ್ತಿ ತೆರೆದು ಅಲಗನ್ನು ಎಡಬಲಕ್ಕೆ ಅಲುಗಿಸಿ ನೋಡತಕ್ಕದ್ದು, ಕೂದಲೆಳೆಯಷ್ಟೂ ಆಡಬಾರದು. ಮಡಿಸಿದಾಗ ಮೊನೆ ಹಿಡಿಯ ಒಳಗೆ ಪೂರ್ತಿ ಮುಳುಗಿರಬೇಕು; ಇಲ್ಲವಾದರೆ ಜೇಬನ್ನೂ ಅದರಲ್ಲಿಟ್ಟ ಕೈಯನ್ನೂ ಹರಿಯುತ್ತದೆ. ಧಾರೆಯನ್ನು ದೀಪದ ಕಡೆಗೆ ಹಿಡಿದು ನೋಡಿದರೆ ಹರಿತವಾದ ಧಾರೆ ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಬೆಳಕು ಮಿನುಗುತ್ತದೆಯೋ ಅಲ್ಲಿ ಮೊಂಡು. ವ್ಯಾಪಾರಿಯು ಬೇಸರಪಟ್ಟರೂ ಈ ಪರೀಕ್ಷೆಗಳನ್ನು ಬಿಡಕೂಡದು.

ಕಾನೂನಿನ ಮಾತು ಸ್ವಲ್ಪ. 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯ ನಿಯಮಗಳು, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ, ಮನೆಗೆಲಸ ಬೇಸಾಯ ಮುಂತಾದವುಗಳಿಗಲ್ಲದ ಚೂರಿಗಳನ್ನು ಶಸ್ತ್ರಗಳೊಡನೆ ಎಣಿಸುತ್ತವೆ. ಎಂಟು ಸೆಂಟಿಮೀಟರಿನ ಅಲಗು ಇದರಿಂದ ಬಹು ದೂರ. ಆದರೂ ಗುಂಡಿಯನ್ನೊತ್ತಿದರೆ ಚಿಮ್ಮಿ ತೆರೆಯುವ ಚಾಕುವನ್ನು ನಾವು ಯಾರಿಗೂ ಹೇಳಲಾರೆವು; ಅದರಿಂದ ಆಗುವ ಕೆಲಸವೇನೂ ಹೆಚ್ಚಲ್ಲ, ಪೊಲೀಸಿನವರ ಸಂಶಯ ಮಾತ್ರ ಹೆಚ್ಚು. ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಿಂದ ತೆಗೆದು ಸಾಮಾನಿನ ಪೆಟ್ಟಿಗೆಗೆ ಹಾಕಬೇಕು.

ಕೊನೆಯದಾಗಿ, ಚಾಕುವಿನೊಡನೆ ಒಂದು ನುಣ್ಣನೆಯ ಸಾಣೆಕಲ್ಲನ್ನೂ ಕೊಳ್ಳಬೇಕು. ಬೀದಿಯಲ್ಲಿ ಚಕ್ರ ತುಳಿಯುತ್ತ ಸಾಣೆ ಹಿಡಿಯುವವರು ಈಗ ಅಪರೂಪವಾಗಿದ್ದಾರೆ. ಅವರ ವೇಗದ ಚಕ್ರಕ್ಕೆ ಸಣ್ಣ ಅಲಗು ಬಿಸಿಯಾಗಿ ಹದ ಕೆಡುವುದೂ ಉಂಟು. ಕಲ್ಲನ್ನು ಒದ್ದೆಮಾಡಿ, ಅಲಗನ್ನು ಅದರ ಮೇಲಿಟ್ಟು, ಅಲಗಿನ ಅಗಲದ ಮೂರರಲ್ಲಿ ಒಂದು ಪಾಲಿನಷ್ಟು ಬೆನ್ನನ್ನು ಮೇಲೆತ್ತಿದರೆ ಸುಮಾರು 20 ಡಿಗ್ರಿಯ ಕೋನವಾಗುತ್ತದೆ. ಆ ಕೋನ ಕದಲದಂತೆ ಎರಡು ಕಡೆಗೂ ಸಮನಾಗಿ, ಹಗುರವಾಗಿ ಎಳೆಯಬೇಕು. ಹಳೆಯ ಚರ್ಮದ ಪಟ್ಟಿಯ ಮೇಲೆ ಹತ್ತು ಸಲ ಹಿಂದಕ್ಕೆ ಸವರಿದರೆ ಧಾರೆಯಲ್ಲಿ ನಿಂತ ಸಿಬಿರು ಹೋಗುತ್ತದೆ. ಕೀಲಿಗೆ ತಿಂಗಳಿಗೊಮ್ಮೆ ಹೊಲಿಗೆಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಅಡಿಗೆಯ ಎಣ್ಣೆ ಹಾಕಿದರೆ ಕೆಲವು ದಿನಗಳಲ್ಲಿ ಅಂಟಾಗಿ ಜೇಬಿನ ಧೂಳನ್ನೆಲ್ಲ ಹಿಡಿಯುತ್ತದೆ.